ನನ್ನ ಕಪ್ಪು ಕೋಟಿನ ಮೇಲೆ ಸುಳ್ಳುಸಾಕ್ಷಿ ನುಡಿದ ತಲೆಹೊಟ್ಟಿಗೆ

ವೈನಿವಿ ಹಳ್ಳಿಯ ಚರ್ಚಿನ ಗಾಯನ ಮೇಳದ ಮುಖ್ಯಸ್ಥನಾದ ಎಮೋಸಿಯ ನೆತ್ತಿಯಲ್ಲಿ ಹೇಳದೆ ಕೇಳದೆ ಬಿಡಾರ ಹೂಡಿರುವ ಶ್ರೀಮಾನ್ ತಲೆಹೊಟ್ಟಿನವರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಮೊದಲಿಗೆ ಅಂಗೈಗಳನ್ನು ಗುಂಡಗೆ ಮಾಡಿ ಮೂರು ಬಾರಿ ತಟ್ಟಿ, ‘ತಿಲೋ’ ಎಂದು ಕ್ಷಮೆ ಬೇಡಿ, ಆಮೇಲೆ ಮಾತು ಶುರು ಮಾಡುತ್ತೇನೆ. ನಮ್ಮ ದ್ವೀಪದಲ್ಲಿ ಇನ್ನೊಬ್ಬರ ತಲೆಯ ಮೇಲಿರುವ ಹಲಗೆಯಿಂದ ಒಂದು ಬಟ್ಟಲು ತೆಗೆಯಬೇಕಾದರೂ ಹೀಗೆಯೇ ಕ್ಷಮೆ ಕೇಳಬೇಕು, ತಲೆ ಮುಟ್ಟುವುದಂತೂ ದೂರದ ಮಾತು. ನನಗೆ ಐವತ್ತೆಂಟು ವರ್ಷ, ತಾವು ಬರುವವರೆಗೆ, ಕ್ಷೌರಿಕನೊಬ್ಬನನ್ನು ಬಿಟ್ಟರೆ, ದೊಡ್ಡವನಾದ ಮೇಲೆ ನನ್ನ ತಲೆ ಮುಟ್ಟಿದವರಿರಲಿಲ್ಲ. ಅಂಥ ಪವಿತ್ರ ಜಾಗದಲ್ಲಿ ತಾವು ಒಂದು ಚಪ್ಪಾಳೆಯನ್ನೂ ತಟ್ಟದೆ ಸಂಸಾರ ಸಮೇತ ನೆಲೆಸಿದ್ದೀರಿ. ತಮ್ಮ ಧೈರ್ಯವನ್ನು ಮೆಚ್ಚದೆ ಇರಲಾರೆ.

ತಾವು ಬಂದದ್ದು ಜೂನ್ ತಿಂಗಳ ಒಣಗಾಳಿಯ ಜೊತೆ. ಮೊದಲು ಸ್ವಲ್ಪ ತುರಿಕೆ, ಆಮೇಲೆ ಬಾಚಣಿಗೆಯಲ್ಲಿ ನಾಲ್ಕು ಚೂರು, ಒಂದು ತಿಂಗಳಾಗುವಷ್ಟರಲ್ಲಿ ಕೋಟಿನ ಹೆಗಲ ಮೇಲೆ ತುರಿದ ತೆಂಗಿನಕಾಯಿ ಚೆಲ್ಲಿದಷ್ಟು. ಬೇರೆ ಯಾರ ತಲೆಗಾದರೂ ತಾವು ಹೋಗಿದ್ದರೆ ನನ್ನ ಅಭ್ಯಂತರವಿರಲಿಲ್ಲ, ಆದರೆ ಮೇಳ ನಡೆಸುವವನ ಕಷ್ಟವನ್ನು ತಾವು ಯೋಚಿಸಲಿಲ್ಲ: ಹಾಡುವವರು ನನ್ನ ಮುಖ ನೋಡುತ್ತಾರೆ, ಉಳಿದ ಇನ್ನೂರು ಮಂದಿ ಆರಾಧನೆ ಮುಗಿಯುವವರೆಗೂ ನನ್ನ ಬೆನ್ನನ್ನೇ ನೋಡುತ್ತಾರೆ. ಅವರಿಗೆ ಓದಲು ತಾವು ಅಲ್ಲಿ ದಪ್ಪ ಅಕ್ಷರದಲ್ಲಿ ಬರೆದಿಟ್ಟಿರಿ.

ಅವರು ಓದಿದ್ದು ತಪ್ಪಾಗಿ, ಅದೇ ನನ್ನ ದೂರು. ಮಂಪರು ಬರಿಸುವ ಯಂಗೋನದ ಬೇರು ಕುಟ್ಟಿ, ನೀರಿನಲ್ಲಿ ಕಿವುಚಿ, ಮರದ ಬೋಗುಣಿಯ ಸುತ್ತ ಕೂತು ಕುಡಿಯುವುದು ನಮ್ಮ ಗಂಡಸರ ಮುಖ್ಯ ಕಸುಬು. ಮಿತಿಮೀರಿ ಕುಡಿದವನ ಚರ್ಮ ಒಣಗಿ ಬಿರಿದು ಪುಡಿಯಾಗಿ ಉದುರುತ್ತದೆ, ಅದಕ್ಕೆ ಕನಿಕನಿ ಎನ್ನುತ್ತೇವೆ. ಮೂವತ್ತು ವರ್ಷ ನಾನೂ ಆ ಬೋಗುಣಿಯ ಸುತ್ತ ಕೂತವನೇ. ಕಳೆದ ವರ್ಷ ನನ್ನ ಹೆಂಡತಿ ಮೆರೆವಲೇಸಿಯನ್ನು ಹೊಟ್ಟೆಯ ಶಸ್ತ್ರಚಿಕಿತ್ಸೆಗೆಂದು ಲಂಬಾಸದ ಆಸ್ಪತ್ರೆಗೆ ಸೇರಿಸಿದಾಗ, ಅವಳು ಎದ್ದು ಮನೆಗೆ ಬಂದರೆ ಇನ್ನೆಂದೂ ಯಂಗೋನ ಮುಟ್ಟುವುದಿಲ್ಲವೆಂದು ಹರಕೆ ಹೊತ್ತೆ. ಅವಳು ಬಂದಳು. ನಾನು ಚರ್ಚಿನಲ್ಲಿ ಬೈಬಲ್ಲಿನ ಮೇಲೆ ಕೈಯಿಟ್ಟು ಆಣೆ ಮಾಡಿದೆ, ನನ್ನನ್ನು ನೋಡಿ ಹುರುಪುಗೊಂಡ ಚರ್ಚಿನ ಸಮಿತಿಯ ಏಳು ಜನ ಹಿರಿಯರೂ ಸಾಲಾಗಿ ಬಂದು ಅದೇ ಆಣೆ ಮಾಡಿದರು. ಅಂದಿನಿಂದ ಒಂದು ಗುಟುಕನ್ನೂ ನಾನು ಕುಡಿದಿಲ್ಲ.

ಇಂಥವನ ಹೆಗಲ ಮೇಲೆ ತಾವು ದಯಮಾಡಿಸಿದಿರಿ. ಸಮಿತಿಯ ಕಾರ್ಯದರ್ಶಿಯೂ ನನ್ನ ಸೋದರಮಾವನ ಮಗನೂ ಆದ ರುಸಿಯಾತೆ, ಚರ್ಚಿನ ಬಾಗಿಲಲ್ಲಿಯೇ ನನ್ನ ಕೊರಳಪಟ್ಟಿ ನೋಡಿ, ಊರಿಗೆಲ್ಲ ಕೇಳುವ ಹಾಗೆ, “ಏನ್ ಭಾವ, ಆಣೆ ಮಾಡಿದ್ದು ಬಾಯಿ ಮಾತ್ರಾನಾ? ಚರ್ಮಕ್ಕೆ ಯಾರೂ ಹೇಳ್ಲಿಲ್ವಾ?” ಎಂದ. ಭಾವಮೈದುನರು ಗೇಲಿ ಮಾಡಿದರೆ ಸಿಟ್ಟಾಗುವಂತಿಲ್ಲ, ಆದ್ದರಿಂದ ನಕ್ಕೆ. ಅದರ ಮುಂದಿನ ಭಾನುವಾರ ಪಾದ್ರಿಗಳು ಕದ್ದು ಕುಡಿಯುವವರ ಬಗ್ಗೆ ಪ್ರವಚನ ಮಾಡುತ್ತಿರುವಾಗ ಸರಿಯಾಗಿ ಆ ಮಾತಿಗೇ ನನ್ನ ಕೈ ತನ್ನಷ್ಟಕ್ಕೆ ಹೆಗಲನ್ನು ಕೊಡವಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎನ್ನುವ ಗಾದೆಗೆ ಇಷ್ಟು ಅಚ್ಚುಕಟ್ಟಾದ ಉದಾಹರಣೆ ಇನ್ನೆಲ್ಲೂ ಸಿಗಲಾರದು, ಅದರ ಕೀರ್ತಿಯೂ ತಮಗೇ ಸಲ್ಲಬೇಕು.

ಊರಿನ ನಗೆಯನ್ನು ಸಹಿಸಬಹುದಿತ್ತು. ಆದರೆ ಒಂದು ಸೋಮವಾರ ಮೆರೆವಲೇಸಿ ನನ್ನ ಕೋಟನ್ನು ಹಗ್ಗದ ಮೇಲೆ ಹಾಕಿ ಒದ್ದೆ ಬಟ್ಟೆಯಿಂದ ಕೊರಳಪಟ್ಟಿಯನ್ನು ಒರೆಸಿ, ಏನೂ ಕೇಳದೆ, ನನ್ನ ಮುಖವನ್ನೂ ನೋಡದೆ ಒಳಗೆ ಹೋದಳು. ಜಗಳವಾಡಿದ್ದರೆ ಉತ್ತರ ಕೊಡುತ್ತಿದ್ದೆ. ಹೀಗೆ ಹೋದದ್ದಕ್ಕೆ ನನಗೆ ಅಳು ಬಂತು. ಮಾನ್ಯರೇ, ಅವಳ ಜೀವಕ್ಕಾಗಿ ಮಾಡಿದ ಆಣೆಯನ್ನು ನಾನು ಮುರಿದೆನೆಂದು ಅವಳೇ ನಂಬಿದರೆ ನಾನು ಯಾರಿಗೆ ದೂರು ಕೊಡಲಿ ಎಂದು ತಾವು ಒಂದು ಕ್ಷಣ ಯೋಚಿಸಿದಿರಾ?

ತಮ್ಮನ್ನು ಬೀಳ್ಕೊಡಲು ನಾನು ಮಾಡಿದ ಸತ್ಕಾರಗಳನ್ನು ತಾವು ಮರೆತಿರಲಾರಿರಿ. ನನ್ನ ಅತ್ತೆ ಉನಾಯ್ಸಿ, “ತಲೆ ಒಣಗಿದೆ ಕಣೋ, ಎಣ್ಣೆ ಕಾಣದ ತಲೆ ಮಳೆ ಕಾಣದ ಗೆಡ್ಡೆ ಹೊಲದ ಹಾಗೆ” ಎಂದು ಹೂವು ಹಾಕಿ ಕಾಯಿಸಿದ ತೆಂಗಿನೆಣ್ಣೆಯ ಸೀಸೆಯನ್ನೇ ಕೊಟ್ಟಳು. ದಿನಾ ಬೆಳಿಗ್ಗೆ ನೆತ್ತಿ ತೊಯ್ಯುವಂತೆ ಹಚ್ಚಿದೆ, ತಾವು ಇನ್ನಷ್ಟು ದಷ್ಟಪುಷ್ಟರಾದಿರಿ. ನಿಂಬೆರಸ ಹಿಂಡಿದೆ, ಕಣ್ಣಿನಲ್ಲಿ ನೀರು ಬಂತೇ ಹೊರತು ತಾವು ಕದಲಲಿಲ್ಲ. ದಾಸವಾಳದ ಎಲೆ ಅರೆದು ಮೆತ್ತಿದೆ, ಬಟ್ಟೆ ಒಗೆಯುವ ಸೋಪಿನಿಂದ ಉಜ್ಜಿದೆ, ಉಗುರಿನಿಂದ ಕೆರೆದು ರಕ್ತ ಬರಿಸಿಕೊಂಡೆ, ಕೊನೆಗೆ ಸಮುದ್ರದಲ್ಲಿ ಕುತ್ತಿಗೆಯವರೆಗೆ ನಿಂತು ಮುಳುಗಿ ಮುಳುಗಿ ಎದ್ದೆ. ಉಪ್ಪು ಒಣಗಿದ ಮೇಲೆ ತಾವು ಯಾವುದು, ಉಪ್ಪು ಯಾವುದು ಎಂದು ನನಗೇ ತಿಳಿಯದಾಯಿತು.

ಇಷ್ಟರಲ್ಲಿ ಸಮಿತಿಯಿಂದ ಕರೆ ಬಂತು. ಸಾವುಸಾವು ಪಟ್ಟಣದಲ್ಲಿ ನಡೆಯುವ ಗಾಯನ ಸ್ಪರ್ಧೆಗೆ ಎರಡು ವಾರವಿತ್ತು, ಆಣೆ ಮುರಿದವನು ಮೇಳದ ಮುಂದೆ ನಿಲ್ಲುವುದು ಸರಿಯೇ ಎಂಬುದು ವಿಷಯ. ಹಳ್ಳಿಯ ಸಭಾಮನೆಯಲ್ಲಿ ಚಾಪೆಯ ಮೇಲೆ ಏಳು ಹಿರಿಯರು ಚಕ್ಕಳಮಕ್ಕಳ ಹಾಕಿ ಕೂತಿದ್ದರು, ಪಾದ್ರಿಗಳು ನಡುವೆ, ಹೆಂಗಸರು ಬಾಗಿಲ ಬಳಿ, ಅವರಲ್ಲಿ ಮೆರೆವಲೇಸಿ. ರುಸಿಯಾತೆ ಎದ್ದು ತಮ್ಮನ್ನೇ ಏಕೈಕ ಸಾಕ್ಷಿಯೆಂದು ಹೆಸರಿಸಿದ. ಪಕ್ಕದ ಹಳ್ಳಿಯಿಂದ ಮಕ್ಕಳಿಗೆ ಚುಚ್ಚುಮದ್ದು ಹಾಕಲು ಬಂದಿದ್ದ ನರ್ಸ್ ತೋರಿಕಾ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿ, ಪಾದ್ರಿಗಳ ಅಪ್ಪಣೆ ಪಡೆದು, ನನ್ನ ಮುಂದೆ ಬಂದು ಕೂತು ಮೂರು ಚಪ್ಪಾಳೆ ತಟ್ಟಿದಳು.

“ತಿಲೋ, ಮಾವ. ತಲೆ ನೋಡ್ಬೇಕು, ಬಾಚಣಿಗೆ ಹಾಕ್ಬೇಕು. ನೀವು ಬೇಡ ಅಂದ್ರೆ ಬಿಡ್ತೀನಿ.”

ಊರಿನ ಎದುರು ಒಬ್ಬ ಹುಡುಗಿಯ ಕೈಗೆ ತಲೆ ಕೊಡುವುದೋ, ಸುಳ್ಳುಗಾರನೆನಿಸಿಕೊಂಡು ಮನೆಗೆ ಹೋಗುವುದೋ? ನಾನು ಬಾಗಿಲ ಕಡೆ ನೋಡಿದೆ, ಆಮೇಲೆ ತಲೆ ಬಗ್ಗಿಸಿದೆ. ತೋರಿಕಾ ಕೂದಲು ಬಿಡಿಸಿ ನೋಡಿ, ಬಾಚಣಿಗೆಗೆ ಬಂದ ತಮ್ಮನ್ನು ಉಗುರಿನಲ್ಲಿ ಒತ್ತಿ, “ಇದು ಜಿಡ್ಡು ಜಿಡ್ಡಾಗಿದೆ, ಕನಿಕನಿ ಅಲ್ಲ, ತಲೆಹೊಟ್ಟು. ಎಣ್ಣೆ ಹಚ್ಚಿದ್ರಾ? ಎಣ್ಣೆ ಅಂದ್ರೆ ಇದಕ್ಕೆ ಹಬ್ಬದೂಟ ಮಾವ, ನೀವೇ ಬಡಿಸಿದ್ದೀರಿ” ಎಂದಳು. ರುಸಿಯಾತೆ ಅಷ್ಟಕ್ಕೆ ಬಿಡುವವನಲ್ಲ, “ಅಲ್ಲ ಅಂತ ಹೇಗೆ ಹೇಳ್ತೀಯಮ್ಮ?” ಎಂದ. ಅವಳು ಶಾಂತವಾಗಿ, “ಕನಿಕನಿ ಬರೀ ತಲೆಗೆ ಬರಲ್ಲ, ಮೊದಲು ಕಾಣೋದು ಮೊಣಕಾಲಿನ ಕೆಳಗೆ” ಎಂದಳು. ನಾನು ಸೊಂಟಕ್ಕೆ ಲುಂಗಿಯಂತೆ ಸುತ್ತಿದ್ದ ಸುಲುವನ್ನು ಮೊಣಕಾಲಿನವರೆಗೆ ಎತ್ತಿದೆ. ಕಾಲು ಮಗುವಿನ ಕೆನ್ನೆಯಂತಿತ್ತು ಎಂದರೆ ಅತಿಯಾಯಿತು, ಆದರೆ ನಯವಾಗಿತ್ತು. “ಹೋಲಿಸಿ ನೋಡೋಕೆ ಇನ್ನೊಂದು ಕಾಲು ಬೇಕಿತ್ತು. ಯಾರಾದ್ರೂ ಹಿರಿಯರು ತೋರಿಸ್ತೀರಾ?” ಎಂದು ಅವಳು ಕೇಳಿದ್ದೇ ತಡ, ಏಳು ಜನ ಹಿರಿಯರೂ ಒಟ್ಟಿಗೆ ತಂತಮ್ಮ ಸುಲುವನ್ನು ಪಾದದವರೆಗೆ ಎಳೆದು ಅಂಚನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡರು. ನನ್ನ ಮೇಳ ಕೂಡ ಇಷ್ಟು ಒಗ್ಗಟ್ಟಿನಿಂದ ಎಂದೂ ತಾಳ ಹಿಡಿದಿಲ್ಲ. ಪಾದ್ರಿಗಳು ಬಹಳ ಹೊತ್ತು ಕೆಮ್ಮಿ, ಮೇಳವನ್ನು ನನಗೇ ಬಿಟ್ಟು, ಸಮಯವಾಯಿತೆಂದು ಸಭೆ ಮುಗಿಸಿದರು. ಮುಂದಿನ ಭಾನುವಾರ ಈ ಸೆಕೆಯಲ್ಲಿ ಸಮಿತಿ ಪೂರ್ತಿ ಮೊಣಕಾಲುದ್ದದ ಉಣ್ಣೆಯ ಕಾಲುಚೀಲ ಹಾಕಿಕೊಂಡು ಬಂತು.

ತೋರಿಕಾಳ ಆದೇಶ ಹೀಗಿದೆ: ಎಣ್ಣೆ ಬಂದ್, ಉಗುರು ಬಂದ್, ಔಷಧಿ ಅಂಗಡಿಯ ಶಾಂಪೂ ವಾರಕ್ಕೆರಡು ಸಲ, ಒಂದು ತಿಂಗಳು; ಹಚ್ಚಿ ಐದು ನಿಮಿಷ ಬಿಟ್ಟು ಆಮೇಲೆ ತೊಳೆಯಬೇಕು. ನನ್ನ ನೆತ್ತಿಯ ಹಿಂಭಾಗ ನನಗೆ ಕಾಣದು. ಮೊದಲ ಬುಧವಾರ ನಾನು ತೊಟ್ಟಿಯ ಬಳಿ ಪರದಾಡುತ್ತಿರುವಾಗ ಮೆರೆವಲೇಸಿ ಬಂದು, ಮೆಲ್ಲಗೆ ಮೂರು ಚಪ್ಪಾಳೆ ತಟ್ಟಿ, “ಬಗ್ಗಿ” ಎಂದಳು. ಮದುವೆಯಾಗಿ ಮೂವತ್ತೊಂದು ವರ್ಷಕ್ಕೆ ಅವಳ ಬೆರಳು ನನ್ನ ತಲೆಗೆ ತಾಗಿದ್ದು ಅವತ್ತೇ. ಗಡಿಯಾರವಿಲ್ಲದ್ದರಿಂದ ಐದು ನಿಮಿಷಕ್ಕೆ ಒಂದು ಕೀರ್ತನೆಯ ನಾಲ್ಕು ಚರಣ ಹಾಡಿದಳು, ನಡುವೆ ಮೂರನೆಯ ಚರಣದಲ್ಲಿ ನಿಲ್ಲಿಸಿ, “ನಾನು ಕೇಳ್ಬೇಕಿತ್ತು. ಕೇಳೋಕೆ ಹೆದರ್ಕೊಂಡೆ” ಎಂದಳು. ನಾನು ನೊರೆಯೊಳಗಿಂದಲೇ ಅವಳ ಮುಂಗೈ ಹಿಡಿದುಕೊಂಡೆ.

ಆದ್ದರಿಂದ ಮಾನ್ಯರು ಇನ್ನು ತಡಮಾಡದೆ, ತಮ್ಮ ಬಂಧುಬಳಗದೊಂದಿಗೆ, ಮುಂದಿನ ದೋಣಿಗೆ ಹೊರಟು, ನನ್ನ ವಿರುದ್ಧ ನುಡಿದ ಸುಳ್ಳುಸಾಕ್ಷ್ಯವನ್ನು ಲಿಖಿತವಾಗಿ ಹಿಂತೆಗೆದುಕೊಂಡು, ಅದರ ಒಂದು ಪ್ರತಿಯನ್ನು ಸಭಾಮನೆಯ ಬಾಗಿಲಿಗೆ ಅಂಟಿಸಿ ಹೋಗಬೇಕಾಗಿ ವಿನಂತಿ.

ಇಷ್ಟು ದಿನ ತಮ್ಮನ್ನು ತಲೆಯ ಮೇಲೆ ಹೊತ್ತು ತಿರುಗಿದ,
ತಮ್ಮ ವಿಶ್ವಾಸಿ,
ಎಮೋಸಿ

ತಾಜಾಕಲಮು: ಈ ಪತ್ರ ಮುಗಿಸುವಷ್ಟರಲ್ಲಿ ಮೆರೆವಲೇಸಿ ನನ್ನ ನೆತ್ತಿ ಪರೀಕ್ಷಿಸಿ, “ಪೂರ್ತಿ ಹೋಯ್ತು, ಇನ್ಮೇಲೆ ನೀವೇ ತೊಳ್ಕೊಳ್ಳಿ” ಎಂದು ಹೇಳಿ ಹೋದಳು. ಮೇಲಿನ ವಿನಂತಿಯನ್ನು ತಕ್ಷಣ ರದ್ದುಪಡಿಸಿ, ದಯವಿಟ್ಟು ಬುಧವಾರ, ಶನಿವಾರಗಳಿಗಾದರೂ ಮರಳಿ ಬನ್ನಿ. ಹೆಗಲ ಮೇಲೆ ಮಾತ್ರ ಇಳಿಯಬೇಡಿ. ಇಳಿಯಲೇಬೇಕೆಂದಿದ್ದರೆ ರುಸಿಯಾತೆಯ ಕೋಟಿನ ಮೇಲೆ ಇಳಿಯಿರಿ. ಅವನ ತಲೆ ಪೂರ್ತಿ ಬೋಳು, ಅದು ಎಲ್ಲಿಂದ ಉದುರಿತೆಂದು ಸಮಿತಿಯೇ ಹೇಳಲಿ.