ಗಡ್ಡೆಯ ಸುತ್ತ ನಮ್ಮವರು

ಪುತ್ತೂರಿನ ಒಂದು ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ಆಪರೇಶನ್ ಮಾಡಿ ತೆಗೆದ ಕರುಳಿನ ಗಡ್ಡೆಯನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಗಾಜಿನ ಮೇಲೆ ಕೂರಿಸುವುದು ನನ್ನ ಕೆಲಸ. ಅಂಥಲ್ಲಿ ನಗಲಿಕ್ಕೆ ಎಂತ ಉಂಟು ಎಂದು ನೆಂಟರು ಕೇಳುತ್ತಾರೆ. ಜನ ಬರುವಷ್ಟು ದಿನ ಅದಕ್ಕೇನೂ ಕಡಿಮೆ ಇಲ್ಲ.

೧. ಬ್ಲಾಕ್

ತೆಗೆದ ಗಡ್ಡೆಯ ತುಂಡನ್ನು ನಾವು ಮೇಣದಲ್ಲಿ ಹುದುಗಿಸಿ ಇಡುತ್ತೇವೆ. ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಕಡಬದ ಒಬ್ಬ ನಿವೃತ್ತ ಮೇಷ್ಟ್ರಿಗೆ ದೊಡ್ಡಾಸ್ಪತ್ರೆಯ ಡಾಕ್ಟ್ರು, ನಿಮ್ಮ ತಮ್ಮನ ಬ್ಲಾಕ್ ತನ್ನಿ, ಗಡ್ಡೆಯೊಳಗೆ ರೋಗದ ಜೊತೆ ಹೋರಾಡುವ ಬಿಳಿ ರಕ್ತಕಣ ಎಷ್ಟುಂಟು ಎಂದು ಎಣಿಸಬೇಕು ಎಂದಿದ್ದರಂತೆ. ಮೇಷ್ಟ್ರು ನಮ್ಮಲ್ಲಿಗೆ ಬಂದದ್ದು ಮೂರನೇ ದಿನ, ಬೆವರು ಒರೆಸಿಕೊಂಡು. ಅದುವರೆಗೆ ಎಲ್ಲಿದ್ದಿರಿ ಎಂದು ಕೇಳಿದೆ. ಬ್ಲಾಕ್ ಅಂದಮೇಲೆ ತಾಲೂಕಿನ ಬ್ಲಾಕ್ ಆಫೀಸೇ ಅಂತ ಗ್ರಹಿಸಿ ಅಲ್ಲಿಗೆ ಹೋಗಿದ್ದರಂತೆ.

"ಅರ್ಜಿ ತಗೊಂಡು ಸೀಲ್ ಹಾಕಿ ಕೊಟ್ಟಿದ್ದಾರೆ. ಆದ್ರೆ ತಮ್ಮನ ಕರುಳು ಯಾವ ವಿಭಾಗಕ್ಕೆ ಬರ್ತದೆ ಅಂತ ಅವರಿಗೂ ಗೊತ್ತಿಲ್ಲ."

೨. ಇಬ್ಬರೇ

ಗಡ್ಡೆಯೊಳಗೆ ಹೋರಾಡುವ ಕಣಗಳು ತುಂಬಾ ಇದ್ದರೆ ರೋಗ ಮರಳಿ ಬರುವ ಸಂಭವ ಸಾಮಾನ್ಯವಾಗಿ ಕಡಿಮೆ. ಮಂಡೆಕೋಲಿನಲ್ಲಿ ಗದ್ದೆ ಬೇಸಾಯ ಮಾಡುವ ಒಬ್ಬ ಅಕ್ಕನ ಗಡ್ಡೆಯಲ್ಲಿ ಅವು ಬೆರಳೆಣಿಕೆಯಷ್ಟೇ. ಅದನ್ನು ಹೇಳುವಾಗ ವರದಿ ಬರೆಯುವ ನಮ್ಮ ಮೇಡಂ ಸ್ವರ ತಗ್ಗಿಸಿದರು. ಇದೊಂದರ ಮೇಲೆ ಎಲ್ಲ ನಿಂತಿಲ್ಲ, ಹತ್ತಿರದ ಗ್ರಂಥಿಗಳಿಗೆ ರೋಗ ಹರಡಿಲ್ಲ, ಔಷಧಿಯೂ ಉಂಟು ಎಂದು ಸಮಾಧಾನ ಹೇಳಿದರು. ನಾನು ಬಾಗಿಲ ಬಳಿ ನಿಂತಿದ್ದೆ. ಅಕ್ಕ ವರದಿ ಮಡಚಿ ಚೀಲಕ್ಕೆ ಹಾಕಿದರು.

"ನಮ್ಮಲ್ಲಿ ನಾಟಿಗೆ ಇಪ್ಪತ್ತು ಜನಕ್ಕೆ ಹೇಳಿದ್ರೂ ಬರುದು ಇಬ್ಬರೇ ಮೇಡಂ. ಗದ್ದೆ ಒಂದು ವರ್ಷವೂ ನಾಟಿ ಇಲ್ಲದೆ ಬಾಕಿ ಆಗ್ಲಿಲ್ಲ."

ಮೊದಲು ನಕ್ಕದ್ದು ಮೇಡಂ. ಅಕ್ಕ ಔಷಧಿ ಮುಗಿಸಿ ಈಗಲೂ ತಪಾಸಣೆಗೆ ಬರುತ್ತಾರೆ.

೩. ಗಲಾಟೆ

ಕಲ್ಲುಗುಂಡಿಯ ಒಬ್ಬ ಬ್ಯಾರಿ ವ್ಯಾಪಾರಿ ತಮ್ಮ ಗಡ್ಡೆಯ ವರದಿ ಹಿಡಿದು ಹೆಂಡತಿಯ ಜೊತೆ ಬಂದರು. ಗಡ್ಡೆಯ ಸುತ್ತ ಕಣಗಳು ದಟ್ಟವಾಗಿ ಸೇರಿವೆ ಎಂಬ ಸಾಲು ಓದಿ, ರೋಗವೇ ದಟ್ಟವಾಗಿದೆ ಎಂದುಕೊಂಡು ಅವರಿಗೆ ಎರಡು ದಿನ ಅನ್ನ ಸೇರಿರಲಿಲ್ಲ. ಅವು ನಿಮ್ಮ ಕಡೆಯವೇ, ಒಳ್ಳೆಯ ಲಕ್ಷಣ ಎಂದು ಮೇಡಂ ಹೇಳಿದರೂ ನಂಬಿಕೆ ಬರಲಿಲ್ಲ. ಕೊನೆಗೆ ಮೇಡಂ ಸೂಕ್ಷ್ಮದರ್ಶಕದಲ್ಲೇ ತೋರಿಸಿದರು. ವ್ಯಾಪಾರಿ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. ಈ ನೀಲಿ ಚುಕ್ಕೆಗಳು ಜಗಳಕ್ಕೆ ಬಂದು ಎಷ್ಟು ಸಮಯ ಆಯಿತು ಎಂದು ಕೇಳಿದರು. ತಿಂಗಳುಗಟ್ಟಲೆ ಆಗಿರಬಹುದು ಎಂದರು ಮೇಡಂ.

ವ್ಯಾಪಾರಿ ತಲೆ ಎತ್ತಿ ಹೆಂಡತಿಯ ಕಡೆ ತಿರುಗಿದರು.

"ಕೇಳಿದೆಯಾ? ಹೊಟ್ಟೆಯಲ್ಲಿ ಎಂತದೋ ಗಲಾಟೆ ಉಂಟು ಅಂತ ನಾನು ಹೇಳುವಾಗೆಲ್ಲ ನೀನು ಓಮದ ನೀರು ಕುಡಿಸಿದ್ದು ಇವರಿಗೆ!"