ಮೂಲೆ ಸೈಟಿನ ದಾಸವಾಳ

ಅನುಮಾನ ಒಂದು ರೋಗ ಎನ್ನುವವರನ್ನು ಕಂಡರೂ ನನಗೆ ಅನುಮಾನ. ಕಿವಿರು ಎತ್ತಿ ನೋಡದೆ ಬಂಗುಡೆ ಮೀನನ್ನೂ ಕೊಳ್ಳದ ಊರಿನವನು ನಾನು. ಇನ್ನು ಜಾಗ ಕೊಳ್ಳುವಾಗ ಸುಮ್ಮನಿರುವುದುಂಟೇ? ಪಡೀಲಿನ ಹೊಸ ಲೇಔಟಿನಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಕಟ್ಟಲು ಅನುಮತಿ ಇರುವ ಮೂಲೆ ಸೈಟೊಂದು ಉಂಟೆಂದು ಬ್ರೋಕರ್ ಸುಂದರಣ್ಣ ಹೇಳಿದಾಗ ನನ್ನ ಹೆಂಡತಿ ವನಜಾಳ ಮುಖ ಅರಳಿತು. ಹಂಪನಕಟ್ಟೆಯ ಬಾಡಿಗೆ ಕೋಣೆಯಲ್ಲಿ ರವಿಕೆ ಹೊಲಿಯುವ ಅವಳಿಗೆ ಸ್ವಂತ ಅಂಗಡಿಯ ಆಸೆ ಬಹಳ ಹಳೆಯದು. ಸೈಟು ನೋಡಿದ ದಿನವೇ ಟೇಪು ಹಿಡಿದು, ಹೊಲಿಗೆ ಮೆಷಿನ್ ಎಲ್ಲಿಡುವುದೆಂದು ಅಳೆದುಬಿಟ್ಟಳು. ನನಗೋ, ಸುಂದರಣ್ಣ ತಮ್ಮ ಖರ್ಚಿನಲ್ಲಿ ಎಳನೀರಿನ ಬೊಂಡ ಕುಡಿಸಿದ್ದೇ ಸಾಕಾಯಿತು. ಅತಿ ವಿನಯಂ ಧೂರ್ತ ಲಕ್ಷಣಂ. ಜಾಗದಲ್ಲಿ ಏನೋ ಐಬು ಇರಲೇಬೇಕು.

ಸುತ್ತ ಬರೀ ಮನೆಗಳಿರುವಾಗ ಇದೊಂದಕ್ಕೆ ಅಂಗಡಿಯ ಯೋಗ ಹೇಗೆ ಬಂತೆಂದು ಸುಂದರಣ್ಣನನ್ನು ಕೇಳಿದೆ. ಎದುರಿನ ರಸ್ತೆ ಅಗಲ ಉಂಟಲ್ಲ ಅಂದರು. ಅಗಲ ಯಾಕುಂಟು ಎಂದೆ. ವಕೀಲರು ಕಾಗದಪತ್ರ ಸರಿಯಿದೆ ಎಂದರು. ಅವರು ನಕ್ಕ ರೀತಿ ನನಗೆ ಹಿಡಿಸಲಿಲ್ಲ. ನೆರೆಮನೆಯವರು ಇಲ್ಲಿ ಬೇಸಿಗೆಯಲ್ಲೂ ಬಾವಿ ಬತ್ತುವುದಿಲ್ಲ ಎಂದರು. ಕೇಳದೆ ಯಾಕೆ ಹೇಳಬೇಕು?

ಒಂದು ಆದಿತ್ಯವಾರ ಯಾರಿಗೂ ಹೇಳದೆ, ಸ್ಕೂಟರು ದೂರ ನಿಲ್ಲಿಸಿ ಒಬ್ಬನೇ ಹೋದೆ. ಸಿಕ್ಕಿತು. ಸೈಟಿನ ಮೂಲೆಯಲ್ಲಿ, ಹುಲ್ಲು ಸವರಿದಲ್ಲಿ ಒಂದು ಕಲ್ಲು, ಅದರ ಮೇಲೆ ಕೆಂಪು ದಾಸವಾಳ, ಪಕ್ಕದಲ್ಲಿ ಆರಿದ ಹಣತೆ. ದೈವದ ಕಲ್ಲು! ನಮ್ಮ ಕಡೆ ಅಂಥ ಜಾಗಕ್ಕೆ ದೈವವೇ ಯಜಮಾನ. ವರ್ಷ ವರ್ಷ ಸೇವೆ ಕೊಡಬೇಕು, ಕೇಳದೆ ಒಂದು ಹಿಡಿ ಮಣ್ಣು ಅಗೆಯುವಂತಿಲ್ಲ. ಇದನ್ನು ಮುಚ್ಚಿಡಲಿಕ್ಕೆ ಬೊಂಡ! ಅಲ್ಲಿಂದಲೇ ಫೋನು ಮಾಡಿ ಜಾಗ ಬೇಡ ಎಂದೆ.

"ಎಂತ ಮಾರಾಯ್ರೆ, ಕಾರಣ ಆದ್ರೂ ಹೇಳಿ" ಅಂದರು ಸುಂದರಣ್ಣ.

"ನಿಮಗೆ ಗೊತ್ತುಂಟಲ್ಲ" ಎಂದೆ. ಅವರು ಫೋನು ಇಟ್ಟುಬಿಟ್ಟರು. ಕಳ್ಳ ಸಿಕ್ಕಿಬಿದ್ದ ಎಂದು ಹಿಗ್ಗಿದೆ.

ಮನೆಗೆ ಬಂದು ನನ್ನ ಸಾಹಸವನ್ನೆಲ್ಲ ವಿವರಿಸಿದೆ. ವನಜಾ ಹೊಲಿಗೆ ನಿಲ್ಲಿಸಿದಳು.

"ಆ ಹೂ ನಾನು ಇಟ್ಟದ್ದು" ಅಂದಳು. "ನಮ್ಮ ಅಂಗಳದ್ದೇ. ಈ ಜಾಗ ನಮಗೇ ಸಿಗಲಿ ಅಂತ ಅಲ್ಲೇ ಬಿದ್ದಿದ್ದ ಒಂದು ಕಲ್ಲು ತೊಳೆದು, ದೀಪ ಇಟ್ಟು ಕೈಮುಗಿದು ಬಂದದ್ದು."

ಕೂಡಲೇ ಫೋನು ಮಾಡಿದೆ. ಬೇಕರಿಯವರೊಬ್ಬರು ಆಗಲೇ ಮುಂಗಡ ಕೊಟ್ಟಾಗಿತ್ತು. ವನಜಾ ಬೈಯಲಿಲ್ಲ, ಟೇಪನ್ನು ಸುತ್ತಿ ಡಬ್ಬಿಗೆ ಹಾಕಿದಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಈಗ ಅಲ್ಲಿ ಬೇಕರಿ ಜೋರಾಗಿ ನಡೆಯುತ್ತಿದೆ. ಬೇಕರಿಯವರು ಆ ಕಲ್ಲನ್ನು ತೆಗೆಯದೆ ದಿನಾ ಹೂ ಇಡುತ್ತಾರಂತೆ. ವನಜಾ ಹಂಪನಕಟ್ಟೆಯ ಬಸ್ಸು ಹತ್ತುವ ಮೊದಲು ನಮ್ಮ ತುಳಸಿಕಟ್ಟೆಗೆ ಅದೇ ದಾಸವಾಳ ಇಟ್ಟು ಬಹಳ ಹೊತ್ತು ಕೈಮುಗಿಯುತ್ತಾಳೆ. ಏನು ಬೇಡಿಕೊಳ್ಳುತ್ತಾಳೋ ಹೇಳುವುದಿಲ್ಲ. ನನ್ನ ವಿಷಯವೇ ಇರಬೇಕೆಂದು ನನಗೆ ಅನುಮಾನ.