ಮಗು ಬೋರಲು ಬಿದ್ದದ್ದನ್ನು ಮೊದಲು ನೋಡಿದ್ದು ಯಾರು?

ಮನೆಯಲ್ಲಿ ಒಂದು ಎಳೆಗೂಸು ಇದ್ದರೆ ಸಾಕು, ಇಂಥ ತಕರಾರು ದಿನಕ್ಕೊಂದು ನಡೆಯುತ್ತಲೇ ಇರುತ್ತವೆ. ನಡೆಯದ ದಿನ ನನಗೇ ಅನುಮಾನ ಬರುತ್ತದೆ, ನನ್ನಿಂದ ಏನೋ ಮುಚ್ಚಿಟ್ಟಿದ್ದಾರೆ ಅಂತ.

ಈ ಅನುಮಾನ ನನ್ನ ಹುಟ್ಟುಗುಣವಲ್ಲ, ಕಸುಬಿನಿಂದ ಅಂಟಿದ್ದು. ಪರಶುರಾಂಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಜಾಮಿಟ್ರಿ ಬಾಕ್ಸಿನ ಮುಚ್ಚಳದಿಂದ, ತೋಳಿನ ಮಡಿಕೆಯಿಂದ, ಒಮ್ಮೆ ಒಬ್ಬಳ ಜಡೆಯೊಳಗಿಂದ ಕೂಡ ಕಾಪಿ ಚೀಟಿ ಎಳೆದು ತೆಗೆದವಳು ನಾನು. ಪರೀಕ್ಷೆ ಕೊಠಡಿಯಲ್ಲಿ ವರ್ಷಗಟ್ಟಲೆ ನಿಂತು ನಿಂತು ಕಣ್ಣು ಹೇಗಾಗಿದೆ ಅಂದರೆ, ಯಾರಾದರೂ ಸುಮ್ಮನೆ ಕೂತಿದ್ದರೆ ಅದೇ ದೊಡ್ಡ ಸಾಕ್ಷಿ ಅನಿಸುತ್ತದೆ.

ನನ್ನ ತವರು ಮೊಳಕಾಲ್ಮೂರು, ಗಂಡನ ಮನೆ ಚಳ್ಳಕೆರೆ. ಮಗಳು ಹುಟ್ಟಿದ್ದು ತವರಿನಲ್ಲಿ. ಹೆರಿಗೆಗೆ ಮೊದಲೇ ಒಂದು ತಿಂಗಳ ರಜೆ ಕರಗಿಹೋಗಿದ್ದರಿಂದ, ಮಗುವಿಗೆ ಐದು ತಿಂಗಳು ತುಂಬುತ್ತಿದ್ದಂತೆ ನಾನು ಶಾಲೆಗೆ ಹೋಗಲೇಬೇಕಿತ್ತು. ಆಮೇಲೆ ಹಗಲೆಲ್ಲ ಮಗು ಅತ್ತೆಯ ಕೈಯಲ್ಲಿ. ಅತ್ತೆಯನ್ನು ನಂಬಬಹುದಾ? ಆ ಐದು ತಿಂಗಳು ನನ್ನ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆ ಇದೊಂದೇ.

ಮೂಗಿನ ತಕರಾರು

ಹೆರಿಗೆಯಾದ ಹತ್ತೇ ದಿನಕ್ಕೆ ಅತ್ತೆ ಮಗುವನ್ನು ನೋಡಲು ಮೊಳಕಾಲ್ಮೂರಿಗೆ ಬಂದರು. ಕೈಕಾಲು ತೊಳೆದು ಬಂದವರೇ ಮಗುವನ್ನು ಎತ್ತಿಕೊಂಡು ಬೆಳಕಿದ್ದ ಬಾಗಿಲ ಕಡೆಗೆ ತಿರುಗಿದರು. ನಮ್ಮ ಮಾವ ಶೇಂಗಾ ವ್ಯಾಪಾರದವರು. ಆ ಮನೆಯಲ್ಲಿ ಯಾರೇ ಆಗಲಿ, ಏನನ್ನೇ ಆಗಲಿ ಮೊದಲು ಬೆಳಕಿಗೆ ಹಿಡಿದು ನೋಡುತ್ತಾರೆ.

"ಹಣೆ ನಮ್ದು. ಕಿವಿ ನಮ್ದು. ಕಾಲ್ಬೆರಳು ನೋಡ್ರಿ, ನಮ್ಮ ಮಾವನೋರ್ದೇ," ಅಂತ ಒಂದೊಂದೇ ಒಪ್ಪಿಕೊಳ್ಳುತ್ತಾ ಬಂದವರು ಮೂಗಿನ ಹತ್ತಿರ ನಿಂತುಬಿಟ್ಟರು. "ಈ ಮೂಗು ಯಾರ್ದು?"

"ಯಾರ್ದಾದ್ರೇನ್ರಿ ಬೀಗ್ರೇ, ಉಸಿರಾಡ್ತೈತಲ್ಲ," ಅಂದಳು ನಮ್ಮವ್ವ.

"ಅಲ್ಲ, ನಮ್ಮ ಕಡೆ ಯಾರಿಗೂ ಇಂಥಾ ಮೊಂಡು ಮೂಗಿಲ್ಲ."

"ನಮ್ಮ ಕಡೆಗೂ ಇಲ್ಲ."

ಇಬ್ಬರೂ ಒಬ್ಬರ ಮೂಗನ್ನು ಒಬ್ಬರು ನೋಡಿದರು. ಹಾಸಿಗೆಯಲ್ಲಿ ಮಲಗಿದ್ದ ನಾನು ಇಬ್ಬರ ಮೂಗನ್ನೂ ನೋಡಿದೆ. ಎರಡೂ ಮೊಂಡೇ ಇದ್ದವು. ಬಾಣಂತಿ ಹೆಚ್ಚು ಮಾತಾಡಬಾರದು ಅಂತ ಹೇಳಿದ್ದರಿಂದ ಸುಮ್ಮನಿದ್ದೆ.

ಅವತ್ತಿನಿಂದ ಅವ್ವ ದಿನಾ ಮಗುವಿಗೆ ಎಣ್ಣೆ ನೀರು ಹಾಕುವಾಗ ಎರಡು ಬೆರಳಲ್ಲಿ ಮೂಗನ್ನು ಮೆಲ್ಲಗೆ ತೀಡತೊಡಗಿದಳು. ಹಳಬರೆಲ್ಲ ಮಾಡುವುದೇ. ಹಾಗೆ ತೀಡಿದರೆ ಮೂಗು ಏಳುವುದಿಲ್ಲ ಅಂತ ವಿಜ್ಞಾನದ ಮೇಡಂ ಆಗಿ ಎಷ್ಟು ಹೇಳಿದರೂ ಕೇಳಲಿಲ್ಲ. ಮೂರು ತಿಂಗಳಾದ ಮೇಲೆ ಅತ್ತೆ ನಮ್ಮನ್ನು ಕರೆದೊಯ್ಯಲು ಬಂದರು. ಮಗು ಬೆಳೆದು ಮುಖ ತುಂಬಿಕೊಂಡು, ಮೂಗೂ ತಾನಾಗಿಯೇ ಒಂದು ಹದಕ್ಕೆ ಬಂದಿತ್ತು. ಅತ್ತೆ ಬೆಳಕಿಗೆ ಹಿಡಿದು ನೋಡಿದರು. ಮುಖ ಗಂಟಾಯಿತು.

"ಏನ್ ಬೀಗ್ರೇ, ಎಣ್ಣೆ ಹಚ್ಚೋ ನೆವದಾಗೆ ದಿನಾ ತೀಡಿ ತೀಡಿ ನಿಮ್ಮನೆ ಮೂಗು ಮಾಡ್ಬಿಟ್ಟೀರಲ್ಲ!"

ತೂಕ

ಚಳ್ಳಕೆರೆಗೆ ಬಂದ ಮೇಲೆ ಅನುಮಾನ ಪಡುವ ಸರದಿ ಮಾವನವರದು. ಮೊಳಕಾಲ್ಮೂರಿನ ಅಂಗನವಾಡಿಯಲ್ಲಿ ತೂಗಿ ಕಾರ್ಡಿನಲ್ಲಿ ಬರೆದಿದ್ದ ತೂಕವನ್ನು ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ನಲವತ್ತು ವರ್ಷ ಮಂಡಿಯಲ್ಲಿ ಶೇಂಗಾ ತೂಗಿಸಿದವರು. ತಮ್ಮ ಕಣ್ಣೆದುರು ತೂಗದ ಮಾಲನ್ನು ಅವರು ಜನ್ಮದಲ್ಲಿ ನಂಬಿದವರಲ್ಲ.

"ಐದೂಕಾಲು ಕೆಜಿ ಇಲ್ಲ ಇದು. ಕೈಗೆ ಗೊತ್ತಾಗ್ತೈತೆ," ಅಂದರು.

ಮಾರನೆಯ ದಿನ ನಮ್ಮ ಓಣಿಯ ಅಂಗನವಾಡಿಗೆ ತಾವೇ ಹೊರಟರು. ಅಲ್ಲಿಯದು ಮೇಲಿಂದ ತೂಗುಹಾಕುವ ತಕ್ಕಡಿ. ಕೆಳಗೆ ಜೋಲಿ, ಮೇಲೆ ಮುಳ್ಳು. ಟೀಚರಮ್ಮ ಮಗುವನ್ನು ಜೋಲಿಯಲ್ಲಿ ಕೂರಿಸುವ ಮೊದಲೇ ಮಾವ ಶುರು ಮಾಡಿದರು.

"ಖಾಲಿ ಜೋಲಿ ತೂಗಿದ್ಯೇನಮ್ಮ? ಚೀಲದ ತೂಕ ಕಳೀಬೇಕು."

"ಕಳೆದೀನ್ರಿ ಅಜ್ಜಾರೇ."

"ಕಾಲಿನ ಕಡಗ? ದೃಷ್ಟಿಮಣಿ? ಉಡದಾರ?"

ಟೀಚರಮ್ಮ ಎಲ್ಲ ಬಿಚ್ಚಿದಳು. ಮಗು ಬರೀ ಮೈಯಲ್ಲಿ ಜೋಲಿಯಲ್ಲಿ ತೂಗಿತು. ಮುಳ್ಳು ಸರಿಯಾಗಿ ಐದೂಕಾಲಕ್ಕೆ ಬಂದು ನಿಂತಿತು. ನನಗೆ ಒಳಗೊಳಗೇ ಖುಷಿ, ತವರಿನ ಮಾನ ಉಳಿಯಿತು ಅಂತ. ಮಾವ ಮಾತ್ರ ತಕ್ಕಡಿಯ ಕೆಳಗೇ ನಿಂತು ಮುಳ್ಳನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಮಗು ಜೋಲಿಯ ಸಂದಿಯಿಂದ ನೇರ ಅವರ ಚಪ್ಪಲಿಯ ಮೇಲೆ ಉಚ್ಚೆ ಹೊಯ್ಯಿತು. ಮುಳ್ಳು ಕೂದಲೆಳೆಯಷ್ಟು ಹಿಂದಕ್ಕೆ ಸರಿಯಿತು.

ಮಾವ ಚಪ್ಪಲಿ ಒದರಲಿಲ್ಲ, ಬೈಯಲಿಲ್ಲ. ನನ್ನ ಕಡೆ ತಿರುಗಿ ಗೆದ್ದ ಮುಖದಲ್ಲಿ ಹೇಳಿದರು: "ನಾನು ಹೇಳ್ಲಿಲ್ವೇನಮ್ಮ? ಮಾಲಿನಾಗೆ ತೇವ ಐತೆ!"

ಬೆಲ್ಲದ ವಾಸನೆ

ಆರು ತಿಂಗಳ ತನಕ ಎದೆಹಾಲು ಬಿಟ್ಟು ಒಂದು ತೊಟ್ಟು ಬೇರೆ ಏನೂ ಕೂಡದು, ಜೇನು ಬೇಡ, ಬಜೆ ಬೇಡ, ನೀರೂ ಬೇಡ ಅಂತ ಆಸ್ಪತ್ರೆಯ ಸಿಸ್ಟರ್ ಖಡಾಖಂಡಿತ ಹೇಳಿ ಕಳಿಸಿದ್ದರು. ನಾನು ಶಾಲೆಗೆ ಹೋದ ಮೇಲೂ ಹಾಲು ಹಿಂಡಿಟ್ಟು ಹೋಗುವುದು ಅಂತ ತೀರ್ಮಾನ. ಅತ್ತೆ ಇದನ್ನೆಲ್ಲ ಕೇಳಿ "ಆಗ್ಲಮ್ಮ" ಅಂದಿದ್ದರು. ಎದುರು ಮಾತಿಲ್ಲದೆ ಒಪ್ಪಿದ್ದೇ ನನಗೆ ಅನುಮಾನಕ್ಕೆ ಕಾರಣ. ತಮ್ಮ ನಾಲ್ಕು ಮಕ್ಕಳಿಗೂ ಬಜೆ ತೇದು ನೆಕ್ಕಿಸಿದ ಹೆಂಗಸು ಇಷ್ಟು ಸಲೀಸಾಗಿ ಒಪ್ಪುತ್ತಾರೆಯೇ?

ಹಾಗಾಗಿ ಅತ್ತೆ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಂದಾಗಲೆಲ್ಲ ನಾನು ಮುದ್ದು ಮಾಡುವ ನೆಪದಲ್ಲಿ ಅದರ ಬಾಯಿ ಮೂಸುತ್ತಿದ್ದೆ. ಎರಡು ವಾರ ಏನೂ ಸಿಗಲಿಲ್ಲ. ಒಂದು ಮಧ್ಯಾಹ್ನ ಸಿಕ್ಕಿತು. ಮಗುವಿನ ತುಟಿಯ ಮೇಲೆ ಕಂದು ಬಣ್ಣದ ಅಂಟು. ಮೂಸಿದರೆ ಬೆಲ್ಲ!

"ಅತ್ತೇ, ಮಗೂಗೆ ಏನು ಕೊಟ್ರಿ?"

"ಏನೂ ಕೊಟ್ಟಿಲ್ಲ."

"ತುಟಿ ಮೇಲೆ ಬೆಲ್ಲ ಐತೆ."

"ನಾನು ಈಗ ತಾನೇ ಬಟ್ಟೆ ಒಣಗಿಸಿ ಬಂದೆ. ಅರ್ಧ ಗಂಟೆಯಿಂದ ಮಗು ನಿನ್ನ ತೊಡೆ ಮೇಲೇ ಐತೆ."

ಇಂಥ ಎಷ್ಟು ನೆಪ ಕೇಳಿಲ್ಲ ನಾನು! ಗಂಟಲು ಏರಿಸಿ, ಹಾಲು ಬಿಟ್ಟು ಬೇರೆ ಕೊಟ್ಟರೆ ಎಳೆ ಹೊಟ್ಟೆಗೆ ಏನೇನಾಗುತ್ತದೆ ಅಂತ ಪಾಠ ಶುರು ಮಾಡಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಬಲಗೈ ಹಿಡಿದು ತೋರುಬೆರಳನ್ನು ಬೆಳಕಿಗೆ ಹಿಡಿದರು. ಬೆರಳಿಗೆ ಬೆಲ್ಲದ ಅಂಟಿನುಂಡೆಯ ಚೂರು ಮೆತ್ತಿತ್ತು. ಅಡುಗೆಮನೆಯ ಮೇಲಿನ ಡಬ್ಬಿಯಿಂದ ಯಾರಿಗೂ ಕಾಣದಂತೆ ಒಂದು ಉಂಡೆ ತಿಂದು, ಬಾಯಿ ಒರೆಸಿಕೊಂಡು ಬಂದು ಮಗುವನ್ನು ಎತ್ತಿಕೊಂಡಿದ್ದೆ. ಮಗು ಸಿಕ್ಕಿದ ಬೆರಳನ್ನು ಚೀಪಿತ್ತು.

"ತಪ್ಪು ನನ್ದೇ ಕಣಮ್ಮ," ಅಂದರು ಅತ್ತೆ, ಡಬ್ಬಿಯನ್ನೇ ತಂದು ನನ್ನ ಮುಂದಿಟ್ಟು. "ಮಗೂಗೆ ಕೊಡಬಾರ್ದು ಅಂತ ಸಿಸ್ಟರ್ ಹೇಳಿದ್ರು. ಮಗುವಿನ ಅವ್ವ ಕದ್ದು ತಿಂದ್ರೆ ಕೈ ತೊಳ್ಕಬೇಕು ಅಂತ ನಾನಾದ್ರೂ ಹೇಳ್ಬೇಕಿತ್ತು."

ಅವ್ವನ ಬೆರಳು

ನಾಲ್ಕೂವರೆ ತಿಂಗಳಾದರೂ ಮಗು ಬೋರಲು ಬಿದ್ದಿರಲಿಲ್ಲ. ಆಂಧ್ರದ ಗಡಿಗೆ ಅಂಟಿಕೊಂಡ ಮೊಳಕಾಲ್ಮೂರಿನಲ್ಲಿ ಇದು ಸಣ್ಣ ವಿಷಯವಲ್ಲ. "ಬೋರ್ಲಾ ಪಡಿತೇ ಬೊಬ್ಬಟ್ಲು" ಅಂತ ತೆಲುಗಿನಲ್ಲಿ ಹೇಳುತ್ತಾಳೆ ನಮ್ಮವ್ವ. ಅಂದರೆ ಮಗು ಮೊದಲ ಸಲ ಮಗುಚಿಕೊಂಡ ದಿನ ಹೋಳಿಗೆ ಮಾಡಿ ಓಣಿಗೆಲ್ಲ ಹಂಚಬೇಕು. ಅದು ತನ್ನ ಮನೆಯಲ್ಲೇ ಆಗಬೇಕು, ಚಳ್ಳಕೆರೆಯವರ ಪಾಲಾಗಬಾರದು ಅಂತ ಅವಳ ಆಸೆ. ಮಗುವನ್ನು ನೋಡಬೇಕು ಅನ್ನಿಸುತ್ತಿದೆ ಅಂತ ಫೋನಿನಲ್ಲಿ ಅತ್ತಂತೆ ಮಾಡಿ ನಾಲ್ಕು ದಿನಕ್ಕೆ ಕರೆಸಿಕೊಂಡಳು.

ಮೂರು ದಿನ ಕಳೆಯಿತು. ಮಗು ಬೆನ್ನ ಮೇಲೆ ಮಲಗಿ ಫ್ಯಾನು ನೋಡುವುದು ಬಿಟ್ಟು ಬೇರೇನೂ ಮಾಡಲಿಲ್ಲ. ನಾಲ್ಕನೆಯ ದಿನ ನಾನು ತಲೆ ಒರೆಸಿಕೊಳ್ಳುತ್ತಿದ್ದಾಗ ಕೂಗು ಕೇಳಿತು: "ಬಿತ್ತು! ಬಿತ್ತು! ಬೋರಲು ಬಿತ್ತೇ!"

ಓಡಿದೆ. ಮಗು ನಿಜವಾಗಿಯೂ ಬೋರಲಾಗಿತ್ತು. ಆದರೆ ಅದರ ಸೊಂಟದ ಕೆಳಗೆ ಅವ್ವನ ಎರಡು ಬೆರಳು ಇನ್ನೂ ಹಾಗೇ ಇದ್ದವು.

"ಅವ್ವಾ, ಆ ಬೆರಳು ಅಲ್ಲೇನು ಮಾಡ್ತಾವೆ?"

"ಒದ್ದೆ ಮಾಡ್ಕಂಡೈತಾ ಅಂತ ನೋಡ್ತಿದ್ದೆ."

"ದೂಡಿದೆ ನೀನು."

"ದೇವ್ರಾಣೆ ಇಲ್ಲ. ಅದೇ ಬೀಳ್ತಿತ್ತು, ನಾನು ಹಿಡ್ಕಣಾಕೆ ಹೋದೆ."

ನಾನು ಆ ಪರೀಕ್ಷೆಯನ್ನು ಅಲ್ಲಿಂದಲ್ಲಿಗೇ ರದ್ದು ಮಾಡಿದೆ. ಮಗುವನ್ನು ಮತ್ತೆ ಅಂಗಾತ ಮಲಗಿಸಿ, ಅವ್ವನನ್ನು ಮೂರಡಿ ದೂರ ಕೂರಿಸಿ, ಮಗುವಿನ ತಲೆಯ ಹತ್ತಿರ ಕೈಕಟ್ಟಿ ನಿಂತು ಮರುಪರೀಕ್ಷೆ ಶುರು ಮಾಡಿದೆ. ಹತ್ತು ನಿಮಿಷವಾಯಿತು, ಇಪ್ಪತ್ತು ನಿಮಿಷವಾಯಿತು. ಮಗು ನನ್ನ ಮುಖವನ್ನೇ ನೋಡಿ ನೋಡಿ, ತುಟಿ ಸೊಟ್ಟಗೆ ಮಾಡಿ, ಕೊನೆಗೆ ನಿದ್ದೆ ಹೋಯಿತು.

ಅವ್ವ ಹೋಳಿಗೆಗೆ ನೆನೆಹಾಕಿದ್ದ ಬೇಳೆಯನ್ನು ಸಾರಿಗೆ ಸುರಿಯುತ್ತಾ ಹೇಳಿದಳು: "ಹಿಂಗೆ ಮುಖದ ಮೇಲೇ ನಿಂತ್ಕಂಡ್ರೆ ಯಾವ ಮಗು ತಾನೇ ಪಾಸಾಗ್ತೈತೆ? ನಿಮ್ಮ ಶಾಲೆ ರಿಜಲ್ಟು ಯಾಕೆ ಹಂಗೈತೆ ಅಂತ ಈಗ ಗೊತ್ತಾಯ್ತು."

ಶನಿವಾರ

ಸೋಮವಾರ ಶಾಲೆಗೆ ಹಾಜರಾಗಬೇಕು. ಚಳ್ಳಕೆರೆಗೆ ಮರಳಿ ವಾರ ಕಳೆದಿತ್ತು, ಮಗು ಇನ್ನೂ ಮಗುಚಿರಲಿಲ್ಲ. ನಿಜ ಹೇಳುತ್ತೇನೆ, ಆಗ ನನ್ನ ಹೆದರಿಕೆ ಬಜೆಯದೂ ಆಗಿರಲಿಲ್ಲ, ಜೇನಿನದೂ ಆಗಿರಲಿಲ್ಲ. ನಾನು ಅಲ್ಲಿ ಯಾರದೋ ಮಕ್ಕಳಿಗೆ ಪಾಠ ಹೇಳುತ್ತಿರುವಾಗ ಇಲ್ಲಿ ನನ್ನ ಮಗಳು ಬೋರಲು ಬೀಳುತ್ತಾಳೆ, ಅದನ್ನು ಅತ್ತೆ ನೋಡುತ್ತಾರೆ, ಸಂಜೆ ಬಸ್ಸಿಳಿದು ಬಂದ ನನಗೆ ಬರೀ ಸುದ್ದಿ ಸಿಗುತ್ತದೆ ಅನ್ನುವುದು. ನೆನೆದರೆ ಹೊಟ್ಟೆ ಉರಿಯುತ್ತಿತ್ತು.

ಆದರೂ ಹೋಗುವ ಮೊದಲು ಅತ್ತೆ ಒಬ್ಬರೇ ಇದ್ದಾಗ ಏನು ಮಾಡುತ್ತಾರೆ ಅಂತ ಒಂದು ಸಲ ಕಣ್ಣಾರೆ ನೋಡಿಬಿಡಬೇಕು ಅನಿಸಿತು. ಶನಿವಾರ ಬೆಳಿಗ್ಗೆ ಹಾಲು ಹಿಂಡಿಟ್ಟು, "ಹೆಡ್‌ಮಾಸ್ಟರನ್ನ ಕಂಡು ಬರ್ತೀನಿ ಅತ್ತೆ, ಮಧ್ಯಾಹ್ನದ ಹೊತ್ತಿಗೆ ಬಂದ್ಬಿಡ್ತೀನಿ," ಅಂತ ಬ್ಯಾಗು ಹಾಕಿಕೊಂಡು ಹೊರಟೆ. ಓಣಿಯ ತಿರುವಿನ ತನಕ ಹೋಗಿ, ಹಿಂದಿನ ಸಂದಿಯಿಂದ ಸುತ್ತಿ ಬಂದು, ನಮ್ಮ ಹಿತ್ತಿಲಿನಲ್ಲಿ ಪೇರಿಸಿಟ್ಟ ಶೇಂಗಾ ಹೊಟ್ಟಿನ ಚೀಲಗಳ ಮರೆಯಲ್ಲಿ ನಿಂತೆ. ಅಲ್ಲಿಂದ ಪಡಸಾಲೆಯ ಕಿಟಕಿ ನೆಟ್ಟಗೆ ಕಾಣುತ್ತದೆ.

ಒಳಗೆ ಅತ್ತೆ ನೆಲದ ಮೇಲೆ ಕೌದಿ ಹಾಸಿ ಮಗುವನ್ನು ಮಲಗಿಸಿದರು. ಅಡುಗೆಮನೆಗೆ ಹೋಗಿ ಒಂದು ಬಟ್ಟಲು ತಂದರು. ಸಿಕ್ಕಿಬಿದ್ದರು! ಬಟ್ಟಲಿಗೆ ಬೆರಳು ಅದ್ದಿದರು. ನಾನು ಕಿಟಕಿಗೆ ಹತ್ತಿರವಾದೆ. ಆ ಬೆರಳು ಮಗುವಿನ ಬಾಯಿಗೆ ಹೋಗಲಿಲ್ಲ, ನೆತ್ತಿಗೆ ಹೋಯಿತು. ಹರಳೆಣ್ಣೆ.

ಆಮೇಲೆ ಅವರು ಕೌದಿಯ ತುದಿ ಹಿಡಿದು ಮಗುವಿನ ಸಮೇತ ಮೆಲ್ಲಗೆ ಕಿಟಕಿಯ ಕಡೆಗೆ ಎಳೆದರು. ಯಾಕೆ? ಎಳೆದಾದ ಮೇಲೆ ಮಗುವಿನಿಂದ ಒಂದು ಮೊಳ ದೂರದಲ್ಲಿ ಗೋಡೆಗೆ ಮುಖ ಮಾಡಿ ಕೂತು, ಮೊರದಲ್ಲಿ ಶೇಂಗಾ ಆರಿಸತೊಡಗಿದರು. ಮಗುವಿಗೆ ಬೆನ್ನು ಹಾಕಿ! ಇಂಥವರ ಕೈಗೆ ಕೊಟ್ಟು ಹೋಗುವುದೇ ನನ್ನ ಕೂಸನ್ನು? ಒಳಗೆ ನುಗ್ಗಿ ಎರಡು ಮಾತು ಆಡಿಬಿಡೋಣ ಅಂತ ಹೆಜ್ಜೆ ಎತ್ತಿದ್ದೆ.

ಆಗ ಮಗು ಒಂದು ಕಾಲನ್ನು ಮೇಲೆತ್ತಿತು. ಪಕ್ಕಕ್ಕೆ ವಾಲಿತು. ಅರ್ಧಕ್ಕೆ ನಿಂತು ಮುಕ್ಕರಿಸಿತು. ಮತ್ತೆ ಕಾಲು ಬೀಸಿತು, ಪಟ್ಟನೆ ಬೋರಲು ಬಿತ್ತು. ಹೊಟ್ಟೆಯಡಿ ಸಿಕ್ಕಿಕೊಂಡಿದ್ದ ಕೈಯನ್ನು ತಾನೇ ಎಳೆದುಕೊಂಡು, ತಲೆ ಎತ್ತಿ ನೇರ ಕಿಟಕಿಯ ಕಡೆ ನೋಡಿತು. ನನ್ನನ್ನೇ ನೋಡಿತು. ಕೂಗಿಬಿಟ್ಟೇನು ಅಂತ ಸೆರಗನ್ನು ಬಾಯಿಗೆ ತುರುಕಿಕೊಂಡೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಅಷ್ಟರಲ್ಲಿ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯಾಕೆ ಬಾಗಿಲಲ್ಲೇ ಕಿರುಚಿದಳು: "ಅಯ್ಯೋ ಅಕ್ಕಾರೇ, ಪಾಪು ಬೋರಲು ಬಿದ್ದೈತಲ್ರೀ! ನೋಡಿದ್ರಾ?"

ಅತ್ತೆ ಗೋಡೆಯಿಂದ ಮುಖ ತಿರುಗಿಸಲಿಲ್ಲ. "ನಾನು ನೋಡಿಲ್ಲ. ಅವ್ರವ್ವ ನೋಡಿದ್ಲು."

"ಅವ್ರು ಶಾಲೆಗೆ ಹೋದ್ರಲ್ರೀ?"

"ಹ್ಞೂ. ಶಾಲೆ ನಮ್ಮ ಹಿತ್ತಲಿಗೇ ಬಂದೈತೆ ಇವತ್ತು." ಆಮೇಲೆ ಹಿತ್ತಲಿಗೆ ಕೇಳುವಂತೆ ದನಿ ಏರಿಸಿ, "ಒಳಗೆ ಬಾರಮ್ಮ, ಆ ಚೀಲದ ಸಂದಿಯಾಗೆ ಚೇಳು ಅದಾವೆ. ಬಚ್ಚಲಿಗೆ ಹಾಕ್ಕಣ ಚಪ್ಪಲಿ ಮೆಟ್ಕಂಡು ಯಾರಾದ್ರೂ ಹೆಡ್‌ಮಾಸ್ಟರನ್ನ ನೋಡಾಕೆ ಹೋಗ್ತಾರಾ?"

ಕಾಲು ನೋಡಿಕೊಂಡೆ. ಹೌದು, ಬಚ್ಚಲಿನ ಚಪ್ಪಲಿ. ಅದನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಮಗುವನ್ನು ಎತ್ತಿ ಎದೆಗೊತ್ತಿಕೊಂಡೆ. ನಾಚಿಕೆಯಿಂದ ಮುಖ ಸುಡುತ್ತಿತ್ತು.

"ಅತ್ತೆ, ನೀವು ಯಾಕೆ ಆ ಕಡೆ ತಿರುಗಿ ಕುಂತಿದ್ರಿ?"

"ಮೂರು ದಿನದಿಂದ ಕಾಲೆತ್ತಿ ಕಾಲೆತ್ತಿ ನೋಡ್ತಿತ್ತು ಇದು. ನೀನು ಸ್ನಾನಕ್ಕೆ ಹೋದಾಗ, ಉಣ್ಣಾಕೆ ಕುಂತಾಗ ಎಲ್ಲಿ ಬಿದ್ಬಿಡ್ತೈತೋ, ನಿನಗಿಂತ ಮೊದ್ಲು ನನ್ನ ಕಣ್ಣಿಗೆ ಬಿದ್ದು ಎಲ್ಲಿ ನಿನ್ನ ಹೊಟ್ಟೆ ಉರೀತೈತೋ ಅಂತ ಗೋಡೆ ನೋಡ್ಕಂಡೇ ಕುಂತೀನಿ."

ನಾನು ಅಳುತ್ತಲೇ ಅವರ ಪಕ್ಕ ಕೂತೆ. ಅತ್ತೆ ಈಗ ಮೊದಲ ಸಲ ಈ ಕಡೆ ತಿರುಗಿ ಮಗುವನ್ನು ನೋಡಿದರು, ಒಂದು ಕೈಯಲ್ಲಿ ಕುತ್ತಿಗೆ ಉಜ್ಜಿಕೊಳ್ಳುತ್ತಾ.

"ಸೋಮವಾರ ಮಾತ್ರ ನಿಜವಾಗ್ಲೂ ಶಾಲೆಗೆ ಹೋಗಮ್ಮ ತಾಯಿ. ಇನ್ನೊಂದು ದಿನ ಗೋಡೆ ನೋಡಿದ್ರೆ ನನ್ನ ಕುತ್ತಿಗೆ ಈ ಕಡೆ ತಿರುಗಾಕಿಲ್ಲ."